ಅನಾಮಿಕಳ ಅಳತೆ

ಬಸ್ ಡಿಪೋದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನಿಗೂ ಔಷಧದ ಅಂಗಡಿಗೂ ನಡುವೆ, ಹತ್ತಡಿ ಅಗಲದ ಒಂದು ಹೊಲಿಗೆ ಅಂಗಡಿ ಇದೆ. ಅದರ ಒಡತಿಯನ್ನು ಎಲ್ಲರೂ ಅಳತೆ ಅಕ್ಕ ಅನ್ನುತ್ತಾರೆ. ಯಾರನ್ನು ಕಂಡರೂ ಆಕೆಯ ಕಣ್ಣು ಮೊದಲು ತೆಗೆಯುವುದು ಅಳತೆಯನ್ನೇ. ಮಾತಾಡುತ್ತಾ ಮಾತಾಡುತ್ತಾ ನಿಮ್ಮ ಎರಡೂ ಭುಜದ ಮೇಲೆ ಕಣ್ಣು ಹಾಯಿಸಿ, "ಬಲಗಡೆ ಅರ್ಧ ಇಂಚು ಇಳಿದಿದೆ, ಬ್ಯಾಗು ಆ ಕಡೆ ಹಾಕ್ಕೋಬೇಡಿ" ಅಂದುಬಿಡುತ್ತಾಳೆ. ನಮ್ಮ ಆಸ್ಪತ್ರೆಯ ಮೂಳೆ ಡಾಕ್ಟರು ನನಗೆ ಇದೇ ಮಾತನ್ನು ಹೇಳಲು ಎರಡು ಎಕ್ಸ್‌ರೇ ತೆಗೆಸಿದ್ದರು.

ನಾನು ಅದೇ ರಸ್ತೆಯ ಕೊನೆಯಲ್ಲಿರುವ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಗುಮಾಸ್ತೆ. ರೋಗಿಗಳ ಫೈಲುಗಳನ್ನು ಹೆಸರಿನ ಪ್ರಕಾರ ಜೋಡಿಸಿಡುವುದು ನನ್ನ ಕೆಲಸ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜೊತೆಯವರು ಹೇಳುತ್ತಾರೆ. ಫೈಲನ್ನು ತಪ್ಪು ಕಪಾಟಿಗೆ ತುರುಕಿ ಹೋಗುವವರಿಗೆ ಹಾಗೆ ಕಂಡರೆ ನಾನೇನು ಮಾಡಲಿ? ನಾಲ್ಕು ವರ್ಷದ ಹಿಂದೆ ಆ ಕಪಾಟಿನಲ್ಲಿ ನನ್ನ ಹೆಸರಿನದೂ ಒಂದು ಫೈಲು ಬಂದು ಕೂತಿತು. ಗಡ್ಡೆ ಇತ್ತು, ಬಲ ಸ್ತನ ತೆಗೆದರು. ಗಾಯ ಮಾಯ್ದು ಕೆಲಸಕ್ಕೆ ಮರಳುವ ಹಿಂದಿನ ದಿನ ಇದ್ದಬದ್ದ ಅಂಗಿಗಳನ್ನೆಲ್ಲ ಹಾಕಿ ತೆಗೆದು, ಹಾಕಿ ತೆಗೆದು, ಕೊನೆಗೆ ಕನ್ನಡಿಯ ಮುಂದೆ ಕೂತು ಅತ್ತುಬಿಟ್ಟೆ. ವಾರ್ಡಿನ ನರ್ಸೊಬ್ಬರು ಅಕ್ಕನ ಅಂಗಡಿಯ ದಾರಿ ಹೇಳಿದರು.

ಅಕ್ಕ ಹೊಲಿದು ಕೊಡುವುದು ಒಂದು ಪುಟ್ಟ ದಿಂಬು. ಮೆತ್ತನೆಯ ಬಟ್ಟೆಯ ಚೀಲ, ಒಳಗೆ ಹಿಂಜಿದ ಹತ್ತಿ, ಹತ್ತಿಯ ನಡುವೆ ಹಿಡಿಯಷ್ಟು ಸಾಸಿವೆ. ಸಾಸಿವೆ ತೂಕಕ್ಕೆ. ತೂಕವಿಲ್ಲದಿದ್ದರೆ ದಿಂಬು ಮೇಲೆ ಸರಿಯುತ್ತದೆ, ಬರಬರುತ್ತಾ ಒಂದು ಭುಜವೇ ಎತ್ತರವಾಗುತ್ತದೆ. ಒಳಅಂಗಿಯಲ್ಲಿ ಜೇಬು ಹೊಲಿದು ಅದರಲ್ಲಿ ದಿಂಬನ್ನು ಕೂರಿಸಿದ ದಿನ ನಾನು ಬಸ್ಸಿನಲ್ಲಿ ಕಂಬಿ ಹಿಡಿದು ಎದೆ ನೆಟ್ಟಗೆ ಮಾಡಿ ನಿಂತು ಬಂದೆ. ಅದೆಷ್ಟು ದೊಡ್ಡ ಸಂಗತಿ ಎಂಬುದು ಹಾಗೆ ನಿಲ್ಲಲಾಗದವರಿಗೇ ಗೊತ್ತು.

ಈ ಕೆಲಸವನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಅಂಗಡಿ ತೆರೆದ ಮೊದಲ ವರ್ಷ ಶಾಲೆಯ ಟೀಚರೊಬ್ಬರು ಬಂದು, "ಎಡಗಡೆ ಸ್ವಲ್ಪ ಸಡಿಲ ಇರ್ಲಿ" ಅಂದರಂತೆ. "ಒಂದೇ ಕಡೆ ಯಾಕೆ ಟೀಚರ್, ಅಲ್ಲೇನು ಬಚ್ಚಿಡ್ತೀರಾ?" ಎಂದು ಅಕ್ಕ ತಮಾಷೆ ಮಾಡಿದಳು. ಟೀಚರು ನಕ್ಕು, ತಂದ ಬಟ್ಟೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಹೊರಟುಹೋದರು. ವಿಷಯ ತಿಳಿದದ್ದು ವಾರದ ಮೇಲೆ, ಔಷಧದ ಅಂಗಡಿಯವನಿಂದ. ಅಕ್ಕ ಟೀಚರ ಮನೆ ಹುಡುಕಿಕೊಂಡು ಹೋಗಿ ಹೊಸಿಲಲ್ಲಿ ನಿಂತು, "ನನ್ನ ನಾಲಿಗೆ ಸೇದಿಹೋಗ್ಲಿ, ಅಳತೆ ಕೊಡಿ" ಅಂದಳು. ಮೊದಲ ದಿಂಬು ಅವರದು. ಇವತ್ತಿಗೂ ಆ ಮಾತು ಬಂದರೆ ಅಕ್ಕನ ಮುಖ ಸಪ್ಪಗಾಗುತ್ತದೆ.

ನನ್ನ ದಿಂಬು ಮೈಗೆ ಹೊಂದಿಕೊಂಡ ಮೇಲೆ ನಾನೊಂದು ಬ್ಲಾಗ್ ಶುರು ಮಾಡಿದೆ. ಯಾವ ಬಟ್ಟೆ ಒತ್ತುತ್ತದೆ, ಬಸ್ಸಿನ ನೂಕುನುಗ್ಗಲಲ್ಲಿ ಹೇಗೆ ನಿಲ್ಲಬೇಕು, ಕೈ ಮೇಲೆತ್ತಲಾಗದಾಗ ತಲೆಗೆ ನೀರು ಹಾಕಿಕೊಳ್ಳುವುದು ಹೇಗೆ, ಇಂಥ ಡಾಕ್ಟರು ಹೇಳದ ವಿಷಯಗಳನ್ನು ಬರೆಯುತ್ತಿದ್ದೆ. ಕೆಳಗೆ ಯಾರು ಬೇಕಾದರೂ ಪ್ರತಿಕ್ರಿಯೆ ಬರೆಯಬಹುದಿತ್ತು. ಹೆಸರು ಕೊಡದೆ ಬರೆದವರ ಮಾತಿನ ಮೇಲೆ ಬ್ಲಾಗ್ ತಾನಾಗಿ 'ಅನಾಮಿಕ' ಎಂದು ಹಾಕಿಕೊಳ್ಳುತ್ತಿತ್ತು. ಬಂದವರು ಹೆಚ್ಚುಕಡಿಮೆ ಎಲ್ಲರೂ ಅನಾಮಿಕರೇ. ಇಂಥದ್ದನ್ನು ಹೆಸರು ಹಾಕಿ ಯಾರು ತಾನೇ ಕೇಳುತ್ತಾರೆ? ಬರೆಯುವ ನಾನೇ ಹೆಸರು ಹಾಕಿರಲಿಲ್ಲ. ಹೊಲಿಗೆಯ ಪ್ರಶ್ನೆಗಳಿಗೆ ನೀವೇ ಉತ್ತರ ಕೊಡಿ ಎಂದು ಅಕ್ಕನ ಫೋನಿನಲ್ಲಿ ಬ್ಲಾಗ್ ತೆರೆದುಕೊಟ್ಟೆ. ಅವಳೂ ಅನಾಮಿಕಳಾಗಿಯೇ ಬರೆದು, ಕೊನೆಯಲ್ಲಿ 'ಅಳತೆ ಅಕ್ಕ' ಎಂದು ಸೇರಿಸುತ್ತಿದ್ದಳು. ಅವರು ಬರೆದ ಅಳತೆಗೆ ಮನೆಯಲ್ಲೇ ದಿಂಬು ಹೊಲಿದುಕೊಳ್ಳುವುದು ಹೇಗೆಂದು ಹೇಳಿಕೊಡುತ್ತಿದ್ದಳು.

ಬ್ಲಾಗ್ ಶುರುವಾಗಿ ಎಂಟು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಹೋದರೆ ಅಕ್ಕ ತಲೆ ಮೇಲೆ ಕೈ ಹೊತ್ತು ಕೂತಿದ್ದಾಳೆ.

"ಮೇಡಂ, ಈ ಅನಾಮಿಕಾ ಅನ್ನೋ ಹೆಂಗಸಿನ ಹಣೆಬರಹ ನೋಡಿ. ಮಾರ್ಚ್‌ನಲ್ಲಿ ಎಡಗಡೆ ಆಪರೇಷನ್. ಮೇ ತಿಂಗಳಲ್ಲಿ ಬಲಗಡೆ. ಜುಲೈನಲ್ಲಿ ಮತ್ತೆ ಎಡಗಡೆ! ಯಾವ ಡಾಕ್ಟ್ರು ಕಣ್ರೀ ಅವ್ನು?"

ಅಳತೆ ಪುಸ್ತಕ ತೆರೆದು ತೋರಿಸಿದಳು. ಪುಟದ ಮೇಲೆ ದಪ್ಪ ಅಕ್ಷರದಲ್ಲಿ 'ಅನಾಮಿಕಾ' ಎಂದಿತ್ತು. ಕೆಳಗೆ ಮೂವತ್ತೆರಡು, ನಲವತ್ತು, ಮೂವತ್ತಾರು, ಮತ್ತೆ ಮೂವತ್ತೆರಡು ಎಂದು ಅಳತೆಗಳು.

"ತೂಕ ಹ್ಯಾಗೆ ಏರಿಳೀತಿದೆ ನೋಡಿ. ಹೊತ್ತುಹೊತ್ತಿಗೆ ಸರಿಯಾಗಿ ಊಟ ಮಾಡೇ ಅಂತ ಬೈದು ಬರ್ದೆ. ಸರಿ ಅಕ್ಕಾ ಅಂದ್ಲು, ಪಾಪ. ನಾನು ಬರ್ದಿದ್ರ ಮೇಲೂ ಅವಳ ಹೆಸರೇ ಬರುತ್ತೆ, ಅವಳಿಗೆ ಕಳಿಸಿದ್ದು ಅಂತ ಇರ್ಬೇಕು."

ನನಗೆ ನಗು ತಡೆಯಲಾಗಲಿಲ್ಲ. ಅನಾಮಿಕ ಅಂದರೆ ಹೆಸರಿಲ್ಲದವರು, ಇವರೆಲ್ಲ ಬೇರೆ ಬೇರೆ ಹೆಂಗಸರು ಎಂದು ಬಿಡಿಸಿ ಹೇಳಿದೆ. ಅಕ್ಕ ನಗಲಿಲ್ಲ. ಪುಸ್ತಕದ ಮೇಲೆ ಬೆರಳಿಟ್ಟು ಒಂದೊಂದೇ ಸಾಲನ್ನು ಎಣಿಸಿದಳು.

"ಒಬ್ಬಳೇ ಅಂದ್ಕೊಂಡು ಮರುಗ್ತಾ ಇದ್ದೆ. ಇಷ್ಟೊಂದು ಜನಾನಾ ಮೇಡಂ?" ಎಂದು ಕೇಳಿದಳು.

ಅಂದಿನಿಂದ ಒಬ್ಬೊಬ್ಬರಿಗೆ ಒಂದೊಂದು ಪುಟ ಮಾಡಿದಳು. ಅವರು ಹೇಳಿಕೊಂಡದ್ದರಿಂದಲೇ ಗುರುತು: ಬ್ಯಾಂಕಿನವಳು, ಅವಳಿ ಮಕ್ಕಳ ತಾಯಿ, ಸದಾ ಕೆಮ್ಮುವ ಅತ್ತೆಯಿರುವವಳು. ಹೀಗೆ ಬಂದವಳೇ ಈಜಿನವಳು.

ಈಜಿನವಳು ಮಕ್ಕಳಿಗೆ ಈಜು ಕಲಿಸುವ ಟೀಚರು. ಅವಳಿಗೆ ಆಪರೇಷನ್ ಇನ್ನೂ ಆಗಿರಲಿಲ್ಲ. ಡಾಕ್ಟರು ಕೊಟ್ಟ ಮೊದಲ ತಾರೀಖಿನಂದು ಅವಳು ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. "ಅಕ್ಕಾ, ನಾನು ದಿನಕ್ಕೆ ಆರು ಗಂಟೆ ನೀರಲ್ಲಿರ್ತೀನಿ," ಎಂದು ಬರೆದಿದ್ದಳು. "ಮೈಗಂಟೋ ಈಜುಡುಗೆ. ದಂಡೆ ಮೇಲೆ ಮಕ್ಕಳ ಅಪ್ಪ ಅಮ್ಮ ನೋಡ್ತಾ ಕೂತಿರ್ತಾರೆ. ನಿಮ್ಮ ದಿಂಬು ನೀರಲ್ಲಿ ನಿಲ್ಲುತ್ತಾ? ನಿಲ್ಲಲ್ಲ ಅಂದ್ರೆ ನಾನು ಆಪರೇಷನ್ ಮಾಡಿಸ್ಕೊಳಲ್ಲ. ನನಗೆ ಬರೋದು ಈ ಕೆಲಸ ಒಂದೇ. ಈಗ ಇನ್ನೊಂದು ತಾರೀಖು ಕೊಟ್ಟಿದ್ದಾರೆ, ಇನ್ನು ಮೂರು ವಾರಕ್ಕೆ, ಸೋಮವಾರ."

ಗಡ್ಡೆ ನಿಮಗಾಗಿ ಕಾಯುವುದಿಲ್ಲ, ಮೊದಲು ಹೋಗಿ ಮಲಗಿ ಎಂದು ನಾನು ಬರೆದೆ. ಅವಳು ಉತ್ತರ ಕೊಡಲಿಲ್ಲ. ನನ್ನ ಮಾತಿನಲ್ಲಿ ದಾಖಲೆ ಕೋಣೆಯ ದನಿ ಕೇಳಿಸಿರಬೇಕು. ಅಕ್ಕ ಬರೆದದ್ದು ಇಷ್ಟೇ: "ಎಂಟು ದಿನ ಟೈಮ್ ಕೊಡು ತಾಯಿ, ನೋಡಿ ಹೇಳ್ತೀನಿ." ಅದಕ್ಕೆ ಐದೇ ನಿಮಿಷದಲ್ಲಿ "ಸರಿ ಅಕ್ಕಾ, ಕಾಯ್ತೀನಿ" ಎಂದು ಉತ್ತರ ಬಂತು.

ಎಂಟು ದಿನ ಹದಿನೈದಾಯಿತು. ಹತ್ತಿ ನೀರು ಕುಡಿದು ಇಟ್ಟಿಗೆಯಷ್ಟು ಭಾರವಾಯಿತು. ಒದ್ದೆ ದಿಂಬನ್ನು ಕಿಟಕಿಯಲ್ಲಿ ಒಣಗಲು ಇಟ್ಟರೆ, ಮೂರನೆಯ ದಿನ ಹೊಲಿಗೆಯ ಸಂದಿಯಿಂದ ಸಾಸಿವೆ ಮೊಳಕೆಯೊಡೆದು ಹಸಿರು ತಲೆ ಹೊರಗೆ ಹಾಕಿತ್ತು. ಅಕ್ಕನ ಗಂಡ ಲಾರಿ ಮೆಕ್ಯಾನಿಕ್. ಅದನ್ನು ನೋಡಿ, "ದಿನಾ ನೀರು ಹಾಕು, ಚೆನ್ನಾಗಿ ಬರುತ್ತೆ" ಅಂದು ಚೆನ್ನಾಗಿ ಬೈಸಿಕೊಂಡ. ಆಮೇಲೆ ಸ್ಪಂಜು. ಅದು ತೇಲಿತು. ತೇಲುವ ದಿಂಬು ಈಜುವವಳ ಗದ್ದದ ಕೆಳಗೆ ಬಂದು ಕೂರುತ್ತದೆ. ಕೊನೆಗೆ ಅಕ್ಕ ಉಡುಪಿನ ಅಂಚಿಗೆ ಹಾಕುವ ಪ್ಲಾಸ್ಟಿಕ್ ಮಣಿಗಳನ್ನು ಸೊಳ್ಳೆ ಪರದೆಯಂಥ ಬಲೆಬಟ್ಟೆಯ ಚೀಲಕ್ಕೆ ತುಂಬಿ, ತೂಕಕ್ಕೆ ಒಂದಿಷ್ಟು ಗಾಜಿನ ಮಣಿ ಬೆರೆಸಿದಳು. ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತದೆ, ಚೀಲ ಅದೇ ತೂಕದಲ್ಲಿ ಇರುತ್ತದೆ. ಗಂಡನ ಗ್ಯಾರೇಜಿನಲ್ಲಿ ಟಯರಿನ ತೂತು ಹುಡುಕಲು ಒಂದು ನೀರಿನ ತೊಟ್ಟಿ ಇತ್ತು. ಅಂಗಡಿಯ ಬೊಂಬೆಗೆ ಈಜುಡುಗೆ ತೊಡಿಸಿ, ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ನಡೆದು ಹೋಗಿ, ಗಂಡ ಹೆಂಡತಿ ಇಬ್ಬರೂ ಸೇರಿ ಅದನ್ನು ಆ ತೊಟ್ಟಿಯಲ್ಲಿ ಅದ್ದಿ ಅಲ್ಲಾಡಿಸಿದರು. ಗ್ಯಾರೇಜಿನವರೆಲ್ಲ ಕೆಲಸ ಬಿಟ್ಟು ನಿಂತರು. ಮಣಿಯ ದಿಂಬು ಇದ್ದಲ್ಲೇ ಇತ್ತು.

ಇತ್ತ ನನ್ನ ಬ್ಲಾಗಿಗೆ ಅದೇ ವಾರ ಒಬ್ಬ ಕೊಳಕ ನುಗ್ಗಿದ್ದ. ಅವನೂ ಅನಾಮಿಕನೇ. ನನ್ನ ಮೈಯಲ್ಲಿ ಇಲ್ಲವಾದ ಭಾಗದ ಬಗ್ಗೆ ಬರೆದಿದ್ದ. ಅಳಿಸಿದೆ. ಮತ್ತೆ ಬರೆದ. ಬ್ಯಾಂಕಿನವಳ ಪ್ರಶ್ನೆಯ ಕೆಳಗೂ ಬರೆದ. ಶುಕ್ರವಾರ ಮೂರನೆಯ ಸಲ ಬಂದಾಗ ಮೈಯೆಲ್ಲ ಉರಿದುಹೋಗಿ ಬ್ಲಾಗಿನ ಸೆಟ್ಟಿಂಗ್ಸ್ ತೆರೆದೆ. 'ಯಾರು ಪ್ರತಿಕ್ರಿಯಿಸಬಹುದು?' ಎಂಬಲ್ಲಿ 'ಲಾಗಿನ್ ಆದವರು ಮಾತ್ರ' ಎಂಬುದನ್ನು ಒತ್ತಿದೆ. ಇನ್ನು ಬಾಯಿ ಬಿಡಬೇಕೆಂದರೆ ಹೆಸರು, ಹುಟ್ಟಿದ ದಿನ, ಫೋನ್ ನಂಬರು ಕೊಟ್ಟು ಖಾತೆ ತೆರೆಯಬೇಕು. ಅವನ ಬಾಯಿಗೆ ಬೀಗ ಜಡಿದೆನೆಂದು ಬೀಗಿದೆ. ಐದು ದಿನ ಬ್ಲಾಗ್ ಸ್ವಚ್ಛವಾಗಿತ್ತು. ಯಾರೂ ಏನೂ ಬರೆಯಲಿಲ್ಲ. ಆ ಮೌನ ನನಗೆ ಹಿತವಾಗಿಯೇ ಇತ್ತು ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಬುಧವಾರ ಊಟದ ಹೊತ್ತಿಗೆ ಅಕ್ಕ ದಾಖಲೆ ಕೋಣೆಗೆ ಏದುಸಿರು ಬಿಡುತ್ತಾ ಬಂದಳು. ಕೈಯಲ್ಲಿ ಫೋನು, ಕೊರಳಲ್ಲಿ ಇನ್ನೂ ಅಳತೆ ಟೇಪು.

"ಮೇಡಂ, ನೀರಲ್ಲಿ ನಿಲ್ತು! ಹೇಳೋಣ ಅಂದ್ರೆ ಇದು ಬರೆಯೋಕೇ ಬಿಡ್ತಿಲ್ಲ. ಲಾಗಿನ್ ಮಾಡು ಅನ್ನುತ್ತೆ. ಆಯ್ತಪ್ಪಾ ಅಂತ ಹೆಸರು ಕೊಟ್ಟೆ. ಹುಟ್ಟಿದ ದಿನ ಕೇಳ್ತು, ಕೊಟ್ಟೆ. ನಿನಗೆ ವಯಸ್ಸಾಗಿಲ್ಲ, ದೊಡ್ಡವರನ್ನ ಕರ್ಕೊಂಡ್ ಬಾ ಅನ್ನುತ್ತೆ ಕಣ್ರೀ! ಐವತ್ತೆರಡು ವರ್ಷದ ನಾನು ಯಾರನ್ನ ಕರ್ಕೊಂಡ್ ಬರ್ಲಿ?"

ಫೋನ್ ಇಸಿದುಕೊಂಡು ನೋಡಿದೆ. ಖಾತೆ ಅಂಗಡಿಯದಲ್ಲವೇ ಎಂದು ಅವಳು ಅಂಗಡಿಯ ಹೆಸರು ಕೊಟ್ಟಿದ್ದಳು. ಹುಟ್ಟಿದ ದಿನ ಎಂದು ಕೇಳಿದಲ್ಲಿ ಅಂಗಡಿ ತೆರೆದ ದಿನವನ್ನು ಹಾಕಿದ್ದಳು. ಲೆಕ್ಕದ ಪ್ರಕಾರ ಅವಳಿಗೆ ಒಂಬತ್ತು ವರ್ಷ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

"ಯಾರು ಮಾಡಿದ್ದು ಇದನ್ನ? ಹೋದ ವಾರ ಸರಿಯಾಗಿತ್ತಲ್ಲ?"

"ಕಂಪನಿಯವರ ಹೊಸ ನಿಯಮ ಇರ್ಬೇಕು," ಅಂದೆ. ಸುಳ್ಳು ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು.

"ಹಾಳಾಗ್ ಹೋಗ್ಲಿ ಅವರ ನಿಯಮ! ನನ್ನ ವಿಷಯ ಬಿಡಿ. ಆ ಹುಡುಗಿ ಹೆಸರು ಹಾಕಿ ಬರೀತಾಳಾ? ನಾಳೆ ಯಾವನೋ ಮಗುವಿನ ಅಪ್ಪ ಓದಿದ್ರೆ? ಅವಳು ಬಂದು ನೋಡಿರ್ತಾಳೆ ಮೇಡಂ. ಹದಿನೈದು ದಿನದಿಂದ ನನ್ನ ಉತ್ತರ ಇಲ್ಲ, ಈಗ ಬಾಗಿಲೂ ಹಾಕಿದೆ. ಅಕ್ಕ ಕೈ ತೊಳ್ಕೊಂಡ್ಲು ಅಂತ ತಿಳ್ಕೊಂಡು ಹೋಗಿರ್ತಾಳೆ. ಸೋಮವಾರಕ್ಕೆ ಇನ್ನು ಐದೇ ದಿನ. ಈ ಬಾಗಿಲು ಹಾಕಿದವರ ಮನೇಲಿ ಯಾರಿಗೂ ಎದೇಲಿ ಗಂಟು ಬಂದಿಲ್ಲ ಅನ್ಸುತ್ತೆ!"

ಕಂಪನಿಗೆಂದು ಅವಳು ಆಡಿದ ಒಂದೊಂದು ಮಾತೂ ನೇರ ನನಗೇ ಬಂದು ತಾಕುತ್ತಿತ್ತು. ಕೊನೆಯ ಮಾತನ್ನು ತಾಳಲಾಗಲಿಲ್ಲ.

"ಮಾಡಿದ್ದು ನಾನೇ ಅಕ್ಕಾ," ಅಂದೆ.

ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಬೈದಿದ್ದರೆ ನಾನೂ ಜಗಳ ಆಡಬಹುದಿತ್ತು. ಆ ಕೊಳಕ ಬರೆದದ್ದನ್ನು ಅಳಿಸುವ ಮುಂಚೆ ಫೋಟೋ ತೆಗೆದಿಟ್ಟುಕೊಂಡಿದ್ದೆ. ತೋರಿಸಿದೆ. ಅಕ್ಕ ಕನ್ನಡಕ ಹಾಕಿಕೊಂಡು, ಫೈಲುಗಳ ಕಟ್ಟಿನ ಮೇಲೆ ಕೂತು, ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಿದಳು. ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

"ಇವನಿಗೆ ಎದೆ ಅಂತ ಬರೆಯೋಕೂ ಬರಲ್ಲ," ಅಂದಳು. "ಎಧೆ ಅಂತೆ. ದ-ಕ್ಕೆ ಹೊಟ್ಟೆ ಸೀಳಿದ್ದಾನೆ, ದರಿದ್ರದವನು."

ನಾನು ನಗಲು ಹೋಗಿ ಅಳತೊಡಗಿದೆ. ಅಕ್ಕ ನನ್ನ ಕೈ ಹಿಡಿದುಕೊಂಡಳು. "ನಂಗೆ ಹೇಳ್ಬಾರ್ದಿತ್ತಾ? ಒಬ್ಬರೇ ಓದ್ಕೊಂಡು ಕೂತಿದ್ದೀರಲ್ಲ."

ಇನ್ನೊಂದು ದಾರಿಯೂ ಇದೆ ಎಂದು ಮೂಗು ಒರೆಸಿಕೊಳ್ಳುತ್ತಾ ಹೇಳಿದೆ. ಯಾರು ಬೇಕಾದರೂ ಹೆಸರಿಲ್ಲದೆ ಬರೆಯಬಹುದು, ಆದರೆ ಬರೆದದ್ದು ಮೊದಲು ನಮಗೆ ಬರುತ್ತದೆ. ನಾವು ಓದಿ ಒಪ್ಪಿದರೆ ಮಾತ್ರ ಉಳಿದವರಿಗೆ ಕಾಣುತ್ತದೆ. "ಆದ್ರೆ ಅವನು ಬರೆದದ್ದನ್ನೂ ಓದ್ಬೇಕಲ್ಲ ಅಕ್ಕಾ. ನನ್ನ ಕೈಲಾಗಲ್ಲ."

"ನಾನು ಓದ್ತೀನಿ. ಗಂಡಸರ ಅಂಗಡಿಗಳ ಮಧ್ಯೆ ಕೂತು ಒಂಬತ್ತು ವರ್ಷ ಹೆಂಗಸರ ಒಳಬಟ್ಟೆ ಹೊಲಿದಿದ್ದೀನಿ. ನಾನು ಕೇಳದ ಮಾತುಂಟಾ? ನಂಗೆ ಅದ್ಯಾವುದೂ ಅಂಟಲ್ಲ."

ಅಂಟುವುದಿಲ್ಲ ಎಂಬುದನ್ನು ನಾನು ಪೂರ್ತಿ ನಂಬಲಿಲ್ಲ. ಓದುವಾಗ ಅವಳ ಹೆಬ್ಬೆರಳು ಅಳತೆ ಟೇಪಿನ ತುದಿಯನ್ನು ಸುತ್ತುತ್ತಾ ಬಿಚ್ಚುತ್ತಾ ಇತ್ತು. ಆದರೂ ಅಲ್ಲೇ ಸೆಟ್ಟಿಂಗ್ಸ್ ಬದಲಿಸಿದೆ. ನನ್ನ ಖಾತೆಯನ್ನೇ ಅವಳ ಫೋನಿನಲ್ಲಿ ತೆರೆದುಕೊಟ್ಟೆ. ಆಮೇಲೆ ಅವಳು ಹೇಳಿದಳು, ನಾನು ಬರೆದೆ.

"ನೀರಲ್ಲಿ ನಿಲ್ಲುತ್ತೆ. ಹತ್ತಿ ಇಲ್ಲ, ಸಾಸಿವೆ ಇಲ್ಲ, ಮಣಿ ಹಾಕಿದ್ದೀನಿ. ಈಜುಡುಗೆ ಒಳಗೆ ಬಲೆಬಟ್ಟೆ ಜೇಬು ಹೊಲಿದು ಕೊಡ್ತೀನಿ. ಬೊಂಬೆನ ಟಯರ್ ತೊಟ್ಟೀಲಿ ಮುಳುಗಿಸಿ ಅಲ್ಲಾಡಿಸಿದ್ದೀನಿ, ಒಂದು ಕೂದಲೆಳೆ ಜರುಗಲಿಲ್ಲ. ಹೋಗಿ ಆಪರೇಷನ್ ಮಾಡಿಸ್ಕೋ."

"ಬೊಂಬೆ ವಿಷಯ ಬ್ಯಾಡ ಅಕ್ಕಾ."

"ಇರ್ಲಿ. ಅವಳಿಗೆ ನಂಬಿಕೆ ಬರ್ಬೇಕಲ್ಲ."

ಅದರ ಕೆಳಗೆ ನಾನು ಬೇರೆಯಾಗಿ ಬರೆದೆ: ಐದು ದಿನ ಬಾಗಿಲು ಹಾಕಿದ್ದು ನನ್ನ ತಪ್ಪು, ಅಕ್ಕನದಲ್ಲ, ದಯವಿಟ್ಟು ಕ್ಷಮಿಸಿ.

ಗುರುವಾರ ಉತ್ತರ ಬರಲಿಲ್ಲ. ಶುಕ್ರವಾರ, ಶನಿವಾರ, ಭಾನುವಾರವೂ ಇಲ್ಲ. ಸೋಮವಾರ ಬೆಳಗ್ಗೆ ನಮ್ಮ ಆಸ್ಪತ್ರೆಯ ಆಪರೇಷನ್ ಪಟ್ಟಿ ಎಂದಿನಂತೆ ನನ್ನ ಮೇಜಿಗೆ ಬಂತು. ಅದೇ ಆಪರೇಷನ್ನಿಗೆ ಮೂವರು ಹೆಂಗಸರಿದ್ದರು. ಹೆಸರು, ವಯಸ್ಸು, ವಿಳಾಸ ಎಲ್ಲ ಇತ್ತು. ಅವಳು ಯಾವ ಊರಿನವಳೋ, ಯಾವ ಆಸ್ಪತ್ರೆಯೋ ಗೊತ್ತಿಲ್ಲದೆ ನಾನು ಆ ಮೂರು ಹೆಸರುಗಳನ್ನೇ ಮತ್ತೆ ಮತ್ತೆ ಓದಿದೆ. ಹೀಗೆ ಹುಡುಕುವುದೂ ತಪ್ಪೇ ಎಂದು ಹೊಳೆದು ಪಟ್ಟಿಯನ್ನು ಮುಚ್ಚಿಟ್ಟೆ. ಅಷ್ಟು ವರ್ಷ ಹೆಸರುಗಳನ್ನು ಜೋಡಿಸಿದವಳಿಗೆ ಅವತ್ತು ಹೆಸರಿನಿಂದ ಏನೂ ಉಪಯೋಗವಾಗಲಿಲ್ಲ.

ಆ ಮೇಲಿನ ಎರಡು ವಾರ ಬ್ಲಾಗಿಗೆ ಹೆಂಗಸರು ಒಬ್ಬೊಬ್ಬರಾಗಿ ಮರಳಿದರು. ಕೊಳಕನೂ ಎರಡು ಸಲ ಬಂದ. "ಬಂದಿದ್ದ, ಕಳಿಸ್ದೆ" ಎಂದಷ್ಟೇ ಅಕ್ಕ ಹೇಳುತ್ತಿದ್ದಳು. ಆದರೆ ಈಜಿನವಳ ಸುದ್ದಿ ಎತ್ತುವಂತಿರಲಿಲ್ಲ. ಎತ್ತಿದರೆ ಅಕ್ಕ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದಳು. ಮಣಿಯ ದಿಂಬು ಮೇಜಿನ ಮೂಲೆಯಲ್ಲಿ ಕೂತೇ ಇತ್ತು, ಬೇರೆ ಯಾರಿಗೂ ಅದನ್ನು ಕೊಡಲಿಲ್ಲ. ಹೆಸರಿಲ್ಲದವಳೊಬ್ಬಳು ಬದುಕಿರಲಿ ಎಂದು ನಾನು ಆ ದಿನಗಳಲ್ಲಿ ಬೇಡಿಕೊಂಡಷ್ಟು ನನ್ನ ಆಪರೇಷನ್ನಿನ ಹೊತ್ತಿನಲ್ಲೂ ಬೇಡಿಕೊಂಡಿರಲಿಲ್ಲ.

ಮೂರನೆಯ ಬುಧವಾರ ಸಂಜೆ ಕೆಲಸ ಮುಗಿಸಿ ಅಂಗಡಿಗೆ ಹೋದೆ. ಅಕ್ಕ ಇಸ್ತ್ರಿ ಮಾಡುತ್ತಿದ್ದಳು. ಫೋನು ಸದ್ದು ಮಾಡಿತು. "ನೋಡಿ ಮೇಡಂ, ಅವನೇ ಇರ್ಬೇಕು. ಬ್ಯಾಡ, ಕೊಡಿ ಇತ್ಲಾಗೆ," ಎಂದು ಕೈ ಚಾಚಿದಳು. ಅಷ್ಟರಲ್ಲಿ ನನ್ನ ಕಣ್ಣಿಗೆ ಮೊದಲ ಸಾಲು ಬಿದ್ದಿತ್ತು. ಜೋರಾಗಿ ಓದಿದೆ.

"ಅಕ್ಕಾ, ನಾನು, ಈಜು ಟೀಚರು. ಆಪರೇಷನ್ ಆಯ್ತು. ನಿನ್ನೆ ಹೊಲಿಗೆ ಬಿಚ್ಚಿದ್ರು. ಮಧ್ಯ ಬಂದಾಗ ಹೆಸರು ಕೇಳ್ತು, ಹೆದರಿ ಹೋಗ್ಬಿಟ್ಟೆ. ಈ ಸಲಾನೂ ಬ್ಯಾಡ ಅಂತ ತೀರ್ಮಾನ ಮಾಡಿದ್ದೆ. ಭಾನುವಾರ ಸುಮ್ನೆ ಇನ್ನೊಂದ್ಸಲ ನೋಡಿದ್ರೆ ಬೊಂಬೆ ಕಥೆ ಇತ್ತು. ನಕ್ಕು ನಕ್ಕು ಅಳು ಬಂತು. ಎದ್ದು ಬ್ಯಾಗು ತುಂಬ್ಕೊಂಡೆ. ಎಡಗಡೆ ಅಕ್ಕಾ. ಕೈ ಇನ್ನೂ ಭುಜದ ಮೇಲಕ್ಕೆ ಏಳ್ತಿಲ್ಲ. ಅಳತೆ ಈಗ್ಲೇ ಕೊಡ್ಲಾ?"

ಅಕ್ಕ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ ಪರದೆಯ ಹಿಂದೆ ಹೋದಳು. ಮೂಗು ಸೀಟುವ ಸದ್ದು ಕೇಳಿತು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು.

"ನೀವೇ ಬರೀರಿ ಮೇಡಂ. ಈಗ ಬ್ಯಾಡ ಅಂತ ಬರೀರಿ. ಊತ ಇಳೀಲಿ, ಎರಡು ತಿಂಗಳಾಗ್ಲಿ. ದಿನಾ ಗೋಡೆ ಹಿಡ್ಕೊಂಡು ಬೆರಳಲ್ಲಿ ಮೇಲಕ್ಕೆ ಹತ್ತು, ಕೈ ಏಳುತ್ತೆ. ಆಮೇಲೆ ಅಳತೆ ಕೊಡು. ಯಾವಾಗ ಬಂದ್ರೂ ಸರಿ, ನಾನೆಲ್ಲೂ ಹೋಗಲ್ಲ."

ಬರೆದು, ಕಳಿಸುವ ಮುಂಚೆ ಅವಳಿಗೆ ಓದಿ ಹೇಳಿದೆ.

"ನಾನೆಲ್ಲೂ ಹೋಗಲ್ಲ ಅನ್ನೋದನ್ನ ಇನ್ನೊಂದ್ಸಲ ಹಾಕಿ," ಅಂದಳು.

ಹಾಕಿದೆ.